ತಂತಿಯಿಲ್ಲದ ಗರಗಸ: ಸದ್ದು ಕಡಿಮೆ, ಗಾಯ ಕಡಿಮೆಯಲ್ಲ

ಕಳೆದ ಜಾತ್ರೆಯ ದಾಸೋಹಕ್ಕೆ ಸೌದೆ ಸಿದ್ಧಪಡಿಸುವ ಸೇವೆ ನಡೆದಿದ್ದಾಗ ನಾವು ಶ್ರೀಮಠದ ಹಿತ್ತಲಿನತ್ತ ಹೋಗಿದ್ದೆವು. ಹಿಂದೆಲ್ಲ ಆ ಹೊತ್ತಿಗೆ ಅಲ್ಲಿ ಕೊಡಲಿಯ ಪೆಟ್ಟುಗಳ ಸಪ್ಪಳ ಕೇಳುತ್ತಿತ್ತು. ಈ ಸಲ ಕೇಳಿದ್ದು ಅಡುಗೆಮನೆಯ ಮಿಕ್ಸರಿನಂಥ ಸದ್ದು. ಮೂವರು ತರುಣರು ಬ್ಯಾಟರಿಯಿಂದ ನಡೆಯುವ ಸರಪಳಿ ಗರಗಸಗಳಿಂದ ಜಾಲಿಯ ತುಂಡುಗಳನ್ನು ಕೊಯ್ಯುತ್ತಿದ್ದರು. ಒಬ್ಬನು ಹವಾಯಿ ಚಪ್ಪಲಿಯ ಕಾಲಿನಿಂದ ದಿಮ್ಮಿಯನ್ನು ಒತ್ತಿ ಹಿಡಿದಿದ್ದನು. ಇನ್ನೊಬ್ಬನು ಎಡಗೈಯಲ್ಲಿ ಟೊಂಗೆಯನ್ನೂ ಬಲಗೈಯಲ್ಲಿ ಗರಗಸವನ್ನೂ ಹಿಡಿದು ಸೌತೆಕಾಯಿ ಹೆಚ್ಚುವಂತೆ ಹೆಚ್ಚುತ್ತಿದ್ದನು. ಹೀಗೆ ಮಾಡಬಾರದೆಂದು ನಾವು ಹೇಳಿದಾಗ ಆತನು ನಕ್ಕು, “ಡಾಕ್ಟರ್ರ, ಇದು ಪೆಟ್ರೋಲಿಂದಲ್ರೀ, ಬ್ಯಾಟರೀದು. ಏನೂ ಆಗಂಗಿಲ್ಲ” ಎಂದನು.

ಅಂದು ಏನೂ ಆಗಲಿಲ್ಲ. ಆದರೆ ಯುಗಾದಿಯ ಮುಂಚಿನ ವಾರ, ಬೇರೊಂದು ಊರಿನ ನಡುವಯಸ್ಸಿನ ರೈತರೊಬ್ಬರು ಎಡಗೈಗೆ ಟವೆಲ್ ಸುತ್ತಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಟವೆಲ್ ಬಿಚ್ಚಿದಾಗ ಒಳಗೆ ಕಾಫಿಪುಡಿ ಮತ್ತು ಅರಿಶಿಣದ ಮುದ್ದೆ. ಅದರ ಕೆಳಗೆ ಮೂರು ಬೆರಳುಗಳ ಮಾಂಸ ಕಿತ್ತುಬಂದಿತ್ತು. ತೆಂಗಿನ ಒಣಗರಿಗಳನ್ನು ಕೊಯ್ಯುವಾಗ ನಾರು ಸರಪಳಿಗೆ ಸುತ್ತಿಕೊಂಡು ಗರಗಸ ನಿಂತಿತ್ತಂತೆ. ಬಲಗೈ ಹಿಡಿಯ ಮೇಲಿರುವಂತೆಯೇ ಎಡಗೈಯಿಂದ ನಾರನ್ನು ಎಳೆದಿದ್ದಾರೆ. ಬ್ಯಾಟರಿ ಒಳಗೇ ಇತ್ತು. ಎಳೆಯುವ ಭರದಲ್ಲಿ ಬಲಗೈ ಬಿಗಿಯಾಯಿತು, ಗುಂಡಿ ಒತ್ತಿತು. ನಾವು ಗಾಯವನ್ನು ಒತ್ತಿ ಕಟ್ಟಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆವು. ಬೆರಳುಗಳು ಉಳಿದವು, ಆದರೆ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅವರು ಹಾಲು ಕರೆಯುವವರು.

ಈ ಆರೋಗ್ಯ ವಿಭಾಗದಲ್ಲಿ ಪಥ್ಯ, ಋತುಚರ್ಯೆಗಳ ವಿಷಯ ಬರೆಯುವುದು ವಾಡಿಕೆ. ಈ ತಿಂಗಳು ಒಂದು ಯಂತ್ರದ ಬಗೆಗೆ ಬರೆಯುತ್ತಿರುವುದಕ್ಕೆ ಓದುಗರು ಅಚ್ಚರಿಪಡಬಾರದು. ಗರಗಸಕ್ಕೂ ವೈದ್ಯಕ್ಕೂ ಹಳೆಯ ನಂಟುಂಟು. ಸುಶ್ರುತ ಸಂಹಿತೆಯಲ್ಲಿ ಎಣಿಸಿರುವ 20 ಶಸ್ತ್ರಗಳಲ್ಲಿ ‘ಕರಪತ್ರ’ ಒಂದು. ಇಂದು ಆ ಶಬ್ದಕ್ಕೆ ನಾವು ಹಂಚುವ ಕಾಗದವೆಂದು ಅರ್ಥ. ಸುಶ್ರುತನಿಗೆ ಅದು ಮೂಳೆ ಕೊಯ್ಯುವ ಗರಗಸ. ಸರಪಳಿಗೆ ಹಲ್ಲು ಜೋಡಿಸಿ ಕೊಯ್ಯುವ ಉಪಾಯ ಕೂಡ ಮರಗೆಲಸದವರಿಂದ ಬಂದುದಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಎಂಬವರು ಮೂಳೆಯನ್ನು ಕೊಯ್ಯಲು ಕೈಯಿಂದ ಎಳೆಯುವ ಹಲ್ಲುಸರಪಳಿಯನ್ನು ಬಳಸಿದರು. 1830ರ ಸುಮಾರಿಗೆ ಜರ್ಮನಿಯ ಬರ್ನಾರ್ಡ್ ಹೈನೆ ಎಂಬವರು ಅದಕ್ಕೆ ತಿರುಗಿಸುವ ಹಿಡಿಕೆಯನ್ನು ಜೋಡಿಸಿದರು. ಮರಕ್ಕೆ ಇದು ಬಂದದ್ದು ಆಮೇಲೆ. ಮೂಳೆಗಾಗಿ ಹುಟ್ಟಿದ ಸಾಧನಕ್ಕೆ ಮೂಳೆ ಸಿಕ್ಕರೆ ಅದು ಹಿಂಜರಿಯುವುದಿಲ್ಲ.

ಬ್ಯಾಟರಿ ಗರಗಸದ ಅಪಾಯವಿರುವುದು ಅದರ ಸೌಮ್ಯ ರೂಪದಲ್ಲಿ. ಪೆಟ್ರೋಲ್ ಗರಗಸವು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಹಗ್ಗ ಎಳೆದು ಚಾಲೂ ಮಾಡಬೇಕು. ಅಬ್ಬರಿಸುತ್ತದೆ, ಹೊಗೆ ಉಗುಳುತ್ತದೆ, ಕೈ ನಡುಗಿಸುತ್ತದೆ. ಮಕ್ಕಳು ತಾವಾಗಿ ದೂರ ಸರಿಯುತ್ತಾರೆ, ಹಿಡಿದವನೂ ಎಚ್ಚರಾಗಿರುತ್ತಾನೆ. ಬ್ಯಾಟರಿಯದು ಹಾಗಲ್ಲ. ಕೊಯ್ಯದಿರುವಾಗ ಅದು ಸಂಪೂರ್ಣ ಮೌನ. ನೋಡಿದವರಿಗೆ ಬಂದ್ ಆಗಿದೆ ಎನ್ನಿಸುತ್ತದೆ. ನಿಜದಲ್ಲಿ ಅದು ಒಂದು ಬೆರಳಿನ ಒತ್ತಡಕ್ಕಾಗಿ ಕಾಯುತ್ತಿರುತ್ತದೆ. ಒತ್ತಿದ ಕ್ಷಣವೇ ಪೂರ್ಣ ವೇಗ. ಪೆಟ್ರೋಲ್ ಯಂತ್ರವನ್ನು ಚಾಲೂ ಮಾಡಲು ಬೇಕಾಗುವ ಆ ಅರ್ಧ ನಿಮಿಷದಲ್ಲಿ ಮನುಷ್ಯನು ಒಮ್ಮೆ ಸುತ್ತ ನೋಡುತ್ತಾನೆ. ಇಲ್ಲಿ ಆ ಅರ್ಧ ನಿಮಿಷವೇ ಇಲ್ಲ.

ವೇಗದ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸಾಮಾನ್ಯ ಗಾತ್ರದ ಬ್ಯಾಟರಿ ಗರಗಸದಲ್ಲಿ ಸರಪಳಿಯು ಸೆಕೆಂಡಿಗೆ 10 ರಿಂದ 20 ಮೀಟರ್ ಓಡುತ್ತದೆ. ಏನಾದರೂ ತಪ್ಪಿತೆಂದು ಕಣ್ಣು ಕಂಡು, ಮೆದುಳು ಅರಿತು, ಕೈ ಸರಿಯಲು ಆರೋಗ್ಯವಂತನಿಗೂ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಅಷ್ಟರಲ್ಲಿ, ಕಡಿಮೆ ವೇಗವನ್ನೇ ಹಿಡಿದರೂ, 2 ಮೀಟರ್ ಸರಪಳಿ, ಅಂದರೆ ಸುಮಾರು ಐವತ್ತು ಹಲ್ಲುಗಳು ದೇಹದ ಮೇಲೆ ಹಾದುಹೋಗಿರುತ್ತವೆ. ಕುಡುಗೋಲು ತಾಗಿದರೆ ಚರ್ಮ ಸೀಳುತ್ತದೆ, ಅಂಚುಗಳನ್ನು ಮತ್ತೆ ಕೂಡಿಸಿ ಹೊಲಿಯಬಹುದು. ಗರಗಸದ ಪ್ರತಿ ಹಲ್ಲೂ ಒಂದು ಚೂರು ಮಾಂಸವನ್ನು ಕೆತ್ತಿ ಹೊರಗೆಸೆಯುತ್ತದೆ. ಮರದಲ್ಲಿ ಐದಾರು ಮಿಲಿಮೀಟರ್ ಅಗಲದ ಗಾಡಿ ಬೀಳುವಂತೆಯೇ ಕೈಯಲ್ಲಿಯೂ ಬೀಳುತ್ತದೆ. ಆ ಅಗಲದ ಸ್ನಾಯು, ನರ, ರಕ್ತನಾಳಗಳು ಕೂಡಿಸಲು ಉಳಿದಿರುವುದೇ ಇಲ್ಲ. ಜೊತೆಗೆ ಗಾಯದೊಳಗೆ ಮರದ ಹೊಟ್ಟು, ಸರಪಳಿಯ ಎಣ್ಣೆ, ಅಂಗಿಯ ದಾರ ಎಲ್ಲವೂ ಸೇರಿರುತ್ತವೆ.

ಇನ್ನು ಹಿಂದೊದೆತದ ವಿಷಯ. ಗರಗಸ ಹಿಡಿಯುವ ಪ್ರತಿಯೊಬ್ಬರೂ ಇದನ್ನು ಅರಿಯದೆ ಬ್ಯಾಟರಿ ಹಾಕಬಾರದೆಂಬುದು ನಮ್ಮ ಕಟ್ಟುನಿಟ್ಟಿನ ಮಾತು. ಸರಪಳಿ ಸುತ್ತುವ ಚಪ್ಪಟೆ ಪಟ್ಟಿಗೆ ಬಾರ್ ಎನ್ನುತ್ತಾರೆ. ಬಾರಿನ ಕೆಳಬದಿಯಲ್ಲಿ ಸರಪಳಿ ನಮ್ಮ ಕಡೆಗೆ ಬರುತ್ತದೆ. ಆದುದರಿಂದ ಕೆಳಬದಿಯಿಂದ ಕೊಯ್ಯುವಾಗ ಗರಗಸವು ಮರದತ್ತ ಎಳೆದುಕೊಳ್ಳುತ್ತದೆ. ಮೇಲ್ಬದಿಯಲ್ಲಿ ಸರಪಳಿ ನಮ್ಮಿಂದ ದೂರಕ್ಕೆ ಓಡುತ್ತದೆ. ಮೇಲ್ಬದಿಯಿಂದ ಕೊಯ್ದರೆ ಗರಗಸ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಈ ಎರಡನ್ನೂ ಬಲ್ಲ ಕೈ ತಡೆಯಬಲ್ಲದು. ತಡೆಯಲಾಗದುದು ಬಾರಿನ ತುದಿ. ತುದಿ ನಮ್ಮ ಬಲಕ್ಕೆ ಇರುವಂತೆ ಗರಗಸವನ್ನು ಪಕ್ಕದಿಂದ ನೋಡಿ, ಆ ದುಂಡು ತುದಿಯನ್ನು ಗಡಿಯಾರವೆಂದು ಭಾವಿಸಿದರೆ, 12 ರಿಂದ 3 ಗಂಟೆಯ ನಡುವಣ ಭಾಗವೇ ಅಪಾಯದ ಜಾಗ. ಅಲ್ಲಿ ಸರಪಳಿ ಕೆಳಮುಖವಾಗಿ ತಿರುಗುತ್ತಿರುತ್ತದೆ. ಆ ಭಾಗವು ಹಿಂದಿನ ಟೊಂಗೆಗೋ ಕಲ್ಲಿಗೋ ಬೇಲಿಯ ತಂತಿಗೋ ತಾಗಿತೆಂದರೆ, ಮುಂದೆ ಹೋಗಲಾಗದ ಆ ಬಲವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ ಎತ್ತಿ ಒಗೆಯುತ್ತದೆ. ಅದು ಬರುವ ದಾರಿಯಲ್ಲಿ ಕುತ್ತಿಗೆ, ಮುಖ, ಎಡ ಭುಜಗಳಿರುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗುವುದರಿಂದ ‘ನಾನು ಗಟ್ಟಿ ಹಿಡಿದಿದ್ದೇನೆ’ ಎಂಬ ಧೈರ್ಯ ಕೆಲಸಕ್ಕೆ ಬಾರದು.

ರಕ್ಷಣೆಗೆ ಮೂರು ಸಂಗತಿಗಳು ಬೇಕು. ಒಂದು, ತುದಿಯಿಂದ ಎಂದೂ ಕೊಯ್ಯದಿರುವುದು, ತುದಿಯ ಆಚೆ ಏನಿದೆಯೆಂದು ನೋಡಿಯೇ ಕೊಯ್ಯುವುದು. ಎರಡು, ಎರಡೂ ಕೈಗಳ ಹಿಡಿತ: ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನ ಹಿಡಿಯಲ್ಲಿ, ಎಡಗೈಯ ಹೆಬ್ಬೆರಳು ಹಿಡಿಯನ್ನು ಕೆಳಗಿನಿಂದ ಸುತ್ತಿರಬೇಕು. ಎಡಗೈ ಬಳಕೆಯವರೂ ಹೀಗೆಯೇ ಹಿಡಿಯಬೇಕು, ಯಂತ್ರವನ್ನು ಮಾಡಿರುವುದೇ ಹಾಗೆ. ಮೂರನೆಯದು ಚೈನ್ ಬ್ರೇಕ್. ಮುಂದಿನ ಹಿಡಿಯ ಎದುರಿಗಿರುವ ಅಡ್ಡಪಟ್ಟಿಯೇ ಅದು. ಹಿಂದೊದೆತದಲ್ಲಿ ಮುಂಗೈ ತಾಗಿಯೋ ಜಡತ್ವದಿಂದಲೋ ಅದು ಮುಂದಕ್ಕೆ ಬಾಗಿ ಸರಪಳಿಯನ್ನು ನಿಲ್ಲಿಸುತ್ತದೆ. ದಿನದ ಕೆಲಸ ಆರಂಭಿಸುವ ಮೊದಲು ಅದನ್ನು ಮುಂದಕ್ಕೆ ತಳ್ಳಿ ಸರಪಳಿ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ನಿಲ್ಲುವಾಗಲೂ ಬಾರಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ, ಕಾಲುಗಳನ್ನು ಅಗಲಿಸಿ ನಿಲ್ಲುವುದು ಮೇಲು. ಭುಜದ ಮಟ್ಟಕ್ಕಿಂತ ಎತ್ತರದಲ್ಲಿ ಕೊಯ್ಯಬಾರದು. ಏಣಿಯ ಮೇಲೆ ನಿಂತು ಕೊಯ್ಯುವವರು ಒಂದು ಕೈಯಿಂದ ಏಣಿಯನ್ನು ಹಿಡಿಯಲೇಬೇಕಾಗುತ್ತದೆ. ಅಲ್ಲಿಗೆ ಎರಡು ಕೈಯ ನಿಯಮ ಮುಗಿಯಿತು.

ಈಗ ಪೇಟೆಯಲ್ಲಿ ಕೆಲವೇ ಸಾವಿರ ರೂಪಾಯಿಗೆ 4 ಅಥವಾ 6 ಅಂಗುಲ ಬಾರಿನ ಪುಟ್ಟ ಗರಗಸಗಳು ಸಿಗುತ್ತವೆ. ಮೊಬೈಲಿನಲ್ಲಿ ನೋಡಿ ತರಿಸಿಕೊಂಡವರ ಮನೆಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಹೆಚ್ಚುತ್ತಿವೆ. ದಾಳಿಂಬೆ, ಪೇರಲ, ಮಾವಿನ ಸಣ್ಣ ಟೊಂಗೆಗಳನ್ನು ಸವರಲು ಇವು ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ವಯಸ್ಸಾದವರಿಗೆ, ಮಹಿಳೆಯರಿಗೆ ಕೈಗರಗಸದ ಶ್ರಮ ತಪ್ಪಿದೆ. ಆದರೆ ಅಗ್ಗದ ಅನೇಕ ಮಾದರಿಗಳಲ್ಲಿ ಚೈನ್ ಬ್ರೇಕ್ ಇರುವುದೇ ಇಲ್ಲ, ಹಿಡಿ ಒಂದೇ. ಒಂದೇ ಕೈಯಲ್ಲಿ ಹಿಡಿಯುವಂತೆ ಮಾಡಿರುವುದರಿಂದ ಖಾಲಿಯಾದ ಎಡಗೈ ತಾನಾಗಿಯೇ ಕೊಯ್ಯುವ ಟೊಂಗೆಯನ್ನು ಹಿಡಿಯಹೋಗುತ್ತದೆ. ನಮ್ಮಲ್ಲಿಗೆ ಬಂದ ರೈತರದು ಇಂಥದೇ ಗರಗಸ. ಇದನ್ನು ಬಳಸುವವರು ಎಡಗೈಯನ್ನು ಸೊಂಟದ ಹಿಂದೆ ಇಟ್ಟುಕೊಳ್ಳುವ ಅಭ್ಯಾಸ ಮಾಡಲಿ. ಕೇಳಲು ನಗೆ ಬರಬಹುದು, ನಾವು ನಗುವುದಕ್ಕಾಗಿ ಹೇಳಿದುದಲ್ಲ. ಟೊಂಗೆಯನ್ನು ಹಿಡಿಯಲೇಬೇಕಾದಲ್ಲಿ ಹಗ್ಗದಿಂದ ಕಟ್ಟಬೇಕು ಅಥವಾ ಸೌದೆ ಕೊಯ್ಯುವ ಅಡ್ಡಕುದುರೆಯ ಮೇಲಿಡಬೇಕು. ಗುಂಡಿ ಬಿಟ್ಟ ಮೇಲೆ ಸರಪಳಿ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಮೊದಲ ದಿನವೇ ಎಣಿಸಿಕೊಳ್ಳಬೇಕು. ಕೆಲವು ಕೂಡಲೇ ನಿಲ್ಲುತ್ತವೆ, ಕೆಲವು ಒಂದೆರಡು ಸೆಕೆಂಡು ಓಡುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿಯೇ ಜನ ಅದನ್ನು ತೊಡೆಯ ಪಕ್ಕಕ್ಕೆ ಇಳಿಸುತ್ತಾರೆ.

ಬ್ಯಾಟರಿಯನ್ನು ತೆಗೆಯುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಸರಪಳಿ ಬಿಗಿ ಮಾಡುವಾಗ, ಅರದಿಂದ ಹಲ್ಲು ಮಸೆಯುವಾಗ, ನಾರು ಬಿಡಿಸುವಾಗ, ಒಂದು ಮರದಿಂದ ಇನ್ನೊಂದಕ್ಕೆ ದೂರ ನಡೆಯುವಾಗ, ಊಟಕ್ಕೆ ಕೂರುವಾಗ, ಬ್ಯಾಟರಿ ಗರಗಸದಲ್ಲಿ ಇರಬಾರದು, ಜೇಬಿನಲ್ಲೋ ಚೀಲದಲ್ಲೋ ಇರಬೇಕು. ಗುಂಡಿ ಬಿಟ್ಟಿದ್ದೇನೆ, ಲಾಕ್ ಹಾಕಿದ್ದೇನೆ ಎಂಬುದು ಸಾಲದು. ಬ್ಯಾಟರಿಯಿಲ್ಲದ ಗರಗಸ ಕೇವಲ ಕಬ್ಬಿಣ; ಮಕ್ಕಳ ಕೈಗೆ ಸಿಕ್ಕರೂ ಗೀರು ಬಿದ್ದೀತೇ ವಿನಾ ಬೆರಳು ಹೋಗದು.

ಸರಪಳಿಯ ಬಿಗುವಿನ ಬಗೆಗೆ ಎರಡು ಮಾತು. ತಣ್ಣಗಿರುವಾಗ ಬಾರಿನ ಕೆಳಗಿನಿಂದ ಸರಪಳಿಯನ್ನು ಎಳೆದು ಬಿಟ್ಟರೆ ಅದು ಚಿಮ್ಮಿ ಮರಳಬೇಕು, ಕೈಯಿಂದ ಎಳೆದಾಗ ಬಾರಿನ ಸುತ್ತ ಸರಾಗವಾಗಿ ಸರಿಯಬೇಕು. ಸಡಿಲವಾದರೆ ಕಳಚಿ ಹಾರುತ್ತದೆ. ಹೊಸ ಸರಪಳಿ ಮೊದಲ ದಿನ ಬೇಗ ಹಿಗ್ಗುವುದರಿಂದ ಮತ್ತೆ ಮತ್ತೆ ನೋಡಬೇಕು. ಎಣ್ಣೆಯ ಡಬ್ಬಿ ಬ್ಯಾಟರಿ ಗರಗಸಕ್ಕೂ ಉಂಟೆಂಬುದನ್ನು ಹಲವರು ಮರೆಯುತ್ತಾರೆ. ಕೊಯ್ದಾಗ ಅಕ್ಕಿತರಿಯಂಥ ಸಿಬಿರು ಬೀಳುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡಾಗಿದೆ. ಮೊಂಡು ಗರಗಸ ಸುರಕ್ಷಿತವೆಂಬ ಭ್ರಮೆ ಬೇಡ. ಕೈ ಅದನ್ನು ಒತ್ತತೊಡಗುತ್ತದೆ, ಒತ್ತಿದ ಕೈ ಜಾರುತ್ತದೆ.

ಉಡುಪಿನ ವಿಷಯಕ್ಕೆ ಬರೋಣ. ಧೋತರ, ಲುಂಗಿ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ದುಪ್ಪಟ್ಟಾ ಇವು ಸರಪಳಿಗೆ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತವೆ. ನಮ್ಮ ಸಮಾಜದವರಿಗೆ ಇಲ್ಲಿ ಒಂದು ವಿಶೇಷ ಮಾತನ್ನು ಹೇಳಲೇಬೇಕು. ಬಗ್ಗಿ ಕೊಯ್ಯುವಾಗ ಶಿವದಾರದಲ್ಲಿ ಕೊರಳಿಗೆ ಧರಿಸಿದ ಇಷ್ಟಲಿಂಗದ ಕರಡಿಗೆ ಮುಂದಕ್ಕೆ ಜೋತುಬೀಳುತ್ತದೆ. ಅದನ್ನು ತೆಗೆದಿರಿಸಿ ಎಂದು ಹೇಳುವುದು ನಮ್ಮ ಆಚರಣೆಗೆ ಒಪ್ಪುವ ಮಾತಲ್ಲ, ನಾವೂ ಹೇಳುವುದಿಲ್ಲ. ಬಿಗಿಯಾದ ಬನಿಯನ್ನಿನ ಒಳಗೆ ಅದನ್ನು ಸೇರಿಸಿ, ಮೇಲೆ ಗುಂಡಿ ಹಾಕಿದ ಅಂಗಿ ತೊಟ್ಟರೆ ಸಾಕು. ಕೈಬಳೆ, ಉಂಗುರ, ಮಣಿಕಟ್ಟಿನ ದಾರಗಳನ್ನು ಮಾತ್ರ ತೆಗೆದೇ ಇಡಬೇಕು.

ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಬೆರಳು ಮುಚ್ಚುವ ಗಟ್ಟಿ ಬೂಟು, ಜಾರದ ಕೈಚೀಲ ಇವು ಕನಿಷ್ಠ. ಕಿವಿಯ ವಿಷಯದಲ್ಲಿ ಬ್ಯಾಟರಿಯವರು ಉದಾಸೀನರು. ದಿನಕ್ಕೆ ಎಂಟು ಗಂಟೆ ಕೇಳುವವರಿಗೆ 85 ಡೆಸಿಬೆಲ್ ಮೀರಿದ ಸದ್ದು ಕಿವಿಗೆ ಹಾನಿ. ಪೆಟ್ರೋಲಿನದಕ್ಕಿಂತ ಕಡಿಮೆಯಾದರೂ, ಮರದೊಳಗೆ ಓಡುವ ಬ್ಯಾಟರಿ ಗರಗಸದ ಸದ್ದು ಆ ಮಟ್ಟವನ್ನು ಸುಲಭವಾಗಿ ಮೀರುತ್ತದೆ. ಹತ್ತಿಯ ಉಂಡೆ ಸಾಲದು, ಔಷಧದಂಗಡಿಯಲ್ಲಿ ಸಿಗುವ ನೊರೆಬತ್ತಿಗಳನ್ನು ಬಳಸಬೇಕು. ಕಾಲಿಗೆ ಗರಗಸ ತಡೆಯುವ ವಿಶೇಷ ಪ್ಯಾಂಟುಗಳಿವೆ. ಒಳಗಿನ ಉದ್ದನೆಯ ಎಳೆಗಳು ಸರಪಳಿಗೆ ಸಿಕ್ಕು ಚಕ್ರವನ್ನು ಕಟ್ಟಿಹಾಕುತ್ತವೆ. ಅಂತರರಾಷ್ಟ್ರೀಯ ಮಾನಕದಲ್ಲಿ ಒಂದನೆಯ ವರ್ಗದ ಪ್ಯಾಂಟನ್ನು ಸೆಕೆಂಡಿಗೆ 20 ಮೀಟರ್ ವೇಗದ ಸರಪಳಿಯ ಎದುರು ಪರೀಕ್ಷಿಸಿರುತ್ತಾರೆ. ಆದರೆ ವಿದ್ಯುತ್ ಮೋಟಾರು ನಿಧಾನಗೊಂಡರೂ ಎಳೆತವನ್ನು ಬಿಡುವುದಿಲ್ಲ. ಆದುದರಿಂದ ಪೆಟ್ರೋಲ್ ಗರಗಸವನ್ನು ನಿಲ್ಲಿಸುವಷ್ಟು ಚೆನ್ನಾಗಿ ಅವು ಇದನ್ನು ನಿಲ್ಲಿಸಲಾರವು. ಪ್ಯಾಂಟು ತೊಟ್ಟೂ ಎಡಗಾಲನ್ನು ಬಾರಿನ ದಾರಿಯಿಂದ ದೂರವೇ ಇಡಬೇಕು.

ವೈದ್ಯರಾಗಿ ನಾವು ಹೆಚ್ಚು ಒತ್ತಿ ಹೇಳಬೇಕಾದುದು ಹಿಡಿಯುವವನ ದೇಹಸ್ಥಿತಿಯನ್ನು. ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡಮಾಡಿದವರಿಗೆ ಸಕ್ಕರೆ ಇಳಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವವರು ಅಂದು ಗರಗಸವನ್ನು ಮುಟ್ಟದಿರಲಿ, ಸೌದೆ ನಾಳೆಯೂ ಇರುತ್ತದೆ. ನೆಗಡಿ, ತುರಿಕೆಗಳ ಗುಳಿಗೆಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಸಣ್ಣ ಗಾಯವೂ ನಿಲ್ಲದೆ ಸುರಿಯುತ್ತದೆ. ಅವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದೇ ವಿಹಿತ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೋಟಾರಿನ ಕಾಂತಕ್ಷೇತ್ರದ ಕಾರಣ ತಮ್ಮ ಹೃದಯತಜ್ಞರನ್ನು ಕೇಳದೆ ಹಿಡಿಯಬಾರದು. ತಲೆಸುತ್ತು, ಮೂರ್ಛೆರೋಗ, ಕಂಪವಾತಗಳಿದ್ದವರ ಮಾತು ಹೇಳಬೇಕಾಗಿಯೇ ಇಲ್ಲ. ಮದ್ಯದ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯ ಬೀಳಬಾರದಿತ್ತು, ಆದರೂ ಬರೆಯುತ್ತೇವೆ: ಹಿಂದಿನ ರಾತ್ರಿಯದೂ ಲೆಕ್ಕಕ್ಕೆ ಬರುತ್ತದೆ. ಬ್ಯಾಟರಿ ಬೇಗ ಮುಗಿಯುತ್ತದೆಂದು ಗೊಣಗುವವರಿದ್ದಾರೆ. ಅದು ಮುಗಿದಾಗ ಕೈಗೂ ಹದಿನೈದು ನಿಮಿಷ ವಿಶ್ರಾಂತಿ ಕೊಟ್ಟು ನೀರು ಕುಡಿದರೆ ಅದೇ ಒಳಿತು.

ಯಾವ ಮರವೆಂಬುದನ್ನೂ ನೋಡಬೇಕು. ಮಾವಿನ ಸೊನೆ ಚರ್ಮವನ್ನು ಸುಡುವುದು ನಮ್ಮ ಭಾಗದವರಿಗೆ ಹೊಸದಲ್ಲ. ಗೇರು, ಕರಿಗೇರಿನ ರಸ ಬೊಬ್ಬೆ ಏಳಿಸುತ್ತದೆ. ಭಲ್ಲಾತಕವನ್ನು ಶುದ್ಧಿ ಮಾಡುವಾಗ ನಾವೇ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಎಲ್ಲಕ್ಕಿಂತ ಕೆಟ್ಟದ್ದು ಬೇಲಿಯ ಕಳ್ಳಿ. ಕುಡುಗೋಲಿನಿಂದ ಕಡಿದಾಗ ಹಾಲು ತೊಟ್ಟಿಕ್ಕುತ್ತದೆ, ಗರಗಸದಿಂದ ಕೊಯ್ದಾಗ ತುಂತುರಾಗಿ ಮುಖಕ್ಕೇ ಎರಚುತ್ತದೆ. ಕಣ್ಣಿನ ಕರಿಗುಡ್ಡೆಗೆ ಅದು ಹುಣ್ಣು ಮಾಡುತ್ತದೆ. ಬಿದ್ದ ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ಕಣ್ಣು ತೊಳೆದು ನೇತ್ರತಜ್ಞರಲ್ಲಿಗೆ ಹೋಗಬೇಕು. ತಾಯಹಾಲು, ಹರಳೆಣ್ಣೆ ಹಾಕುತ್ತ ಕೂರಬಾರದು. ಕಳ್ಳಿಗೆ ಗರಗಸವೇ ಬೇಡ.

ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಬಿದ್ದ ಮರಗಳನ್ನು ತೆರವು ಮಾಡಲು ಊರ ಹುಡುಗರು ಉತ್ಸಾಹದಿಂದ ಮುಂದಾಗುತ್ತಾರೆ. ಬಿದ್ದ ಮರ ಸತ್ತ ಹಾವಿನಂತಲ್ಲ. ಬಾಗಿ ಸಿಕ್ಕಿಕೊಂಡ ಟೊಂಗೆಗಳು ಬಿಲ್ಲಿನಂತೆ ಸೆಟೆದಿರುತ್ತವೆ, ಕೊಯ್ದ ಕ್ಷಣ ಎದೆಗೋ ದವಡೆಗೋ ಬಡಿಯುತ್ತವೆ. ಟೊಂಗೆಯ ಯಾವ ಮಗ್ಗುಲು ಒತ್ತಿದೆ, ಯಾವುದು ಹಿಗ್ಗಿದೆ ಎಂದು ಮೊದಲು ಓದಬೇಕು. ಎರಡೂ ತುದಿ ಆಧಾರದ ಮೇಲಿದ್ದು ನಡುವೆ ಜೋತಿದ್ದರೆ ಮೇಲಿನ ಮಗ್ಗುಲು ಒತ್ತಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರನ್ನು ಕಚ್ಚಿಹಿಡಿಯುತ್ತದೆ. ಒಂದು ತುದಿ ಮಾತ್ರ ಆಧಾರದಲ್ಲಿದ್ದರೆ ಕೆಳಮಗ್ಗುಲು ಒತ್ತಿರುತ್ತದೆ. ಒತ್ತಿದ ಕಡೆ ದಪ್ಪದ ಮೂರನೆಯ ಒಂದು ಭಾಗದಷ್ಟು ಮೊದಲು ಕೊಯ್ದು, ಆಮೇಲೆ ಹಿಗ್ಗಿದ ಕಡೆಯಿಂದ ನಿಧಾನವಾಗಿ ಕೊಯ್ಯುವುದು ರೂಢಿ. ಕಚ್ಚಿಕೊಂಡ ಗರಗಸವನ್ನು ಓಡಿಸುತ್ತ ಕೀಳಬಾರದು; ಬ್ಯಾಟರಿ ತೆಗೆದು, ಬೆಣೆ ಹೊಡೆದು ಬಿಡಿಸಬೇಕು. ತಂತಿಯಿಲ್ಲದ ಗರಗಸವೆಂದ ಮಾತ್ರಕ್ಕೆ ಕಂಬದ ತಂತಿಯ ಭಯ ಇಲ್ಲವೆಂದಲ್ಲ. ತಂತಿಗೆ ತಾಗಿದ ಮರವನ್ನು ಲೈನ್‌ಮನ್ ಬಂದು ವಿದ್ಯುತ್ ಕಡಿದ ಖಾತ್ರಿಯಾದ ಮೇಲೆಯೇ ಮುಟ್ಟಬೇಕು. ನಿಂತ ದೊಡ್ಡ ಮರವನ್ನು ಉರುಳಿಸುವುದು ಅನುಭವಿಗಳ ಕಾಯಕ. ಇದನ್ನು ಓದಿ ಕಲಿಯುವಂತಿಲ್ಲ, ನಾವು ಬರೆಯುವುದೂ ಇಲ್ಲ. ಅದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿಯೂ ಬೇಕಾಗುತ್ತದೆ. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಉಂಟು.

ಒಬ್ಬರೇ ಹೋಗಿ ಕೊಯ್ಯಬಾರದು. ಜೊತೆಗಾರರು ಕೂಗಿದರೆ ಕೇಳುವಷ್ಟು ಹತ್ತಿರ, ಗರಗಸ ತಾಗದಷ್ಟು ದೂರ ಇರಲಿ. ಏಕೆಂದರೆ ಗಾಯವಾದ ಮೇಲಿನ ಮೊದಲ ಹತ್ತು ನಿಮಿಷಗಳಲ್ಲಿ ವೈದ್ಯರು ಅಲ್ಲಿರುವುದಿಲ್ಲ, ಜೊತೆಗಾರರಿರುತ್ತಾರೆ.

ಆ ಹತ್ತು ನಿಮಿಷಗಳಲ್ಲಿ ಮಾಡತಕ್ಕದ್ದು ಇಷ್ಟು. ಮೊದಲು ಬ್ಯಾಟರಿ ತೆಗೆಯಿರಿ. ಗಾಯಾಳುವನ್ನು ಮಲಗಿಸಿ, ಸಿಕ್ಕ ಶುಚಿಯಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ. ಮತ್ತೆ ಮತ್ತೆ ಎತ್ತಿ ನೋಡಬೇಡಿ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದಿಟ್ಟು ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಗಾಯವಾದ ಕೈಯಲ್ಲಿ ಉಂಗುರವಿದ್ದರೆ ಬಾವು ಬರುವ ಮುನ್ನ ತೆಗೆಯಿರಿ. ಕುಡಿಯಲು ತಿನ್ನಲು ಏನೂ ಕೊಡಬೇಡಿ, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಕಾಗಬಹುದು. ತೊಡೆ ಅಥವಾ ತೋಳಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಸಂದಿನ ಮೇಲಲ್ಲದೆ, ಮೂರು ಬೆರಳಗಲದ ಬಟ್ಟೆಯನ್ನು ಕಟ್ಟಿ, ಗಂಟಿನಲ್ಲಿ ಕೋಲು ಸೇರಿಸಿ ರಕ್ತ ನಿಲ್ಲುವವರೆಗೆ ತಿರುಚಿ. ಕಟ್ಟಿದ ಸಮಯವನ್ನು ಬರೆದಿಡಿ, ಆಸ್ಪತ್ರೆಯವರೆಗೆ ಬಿಚ್ಚಬೇಡಿ. ಸುತಲಿ, ತಂತಿ, ಶೂ ದಾರಗಳಿಂದ ಕಟ್ಟಿದರೆ ಅವು ಮಾಂಸವನ್ನೇ ಕೊಯ್ಯುತ್ತವೆ.

ಸುಶ್ರುತನು 107 ಮರ್ಮಗಳನ್ನು ಹೇಳುವಲ್ಲಿ ತೊಡೆಯ ನಡುವಣ ‘ಊರ್ವೀ’ ಮರ್ಮಕ್ಕೆ ಪೆಟ್ಟು ಬಿದ್ದರೆ ರಕ್ತಕ್ಷಯದಿಂದ ಕಾಲು ಒಣಗುತ್ತದೆನ್ನುತ್ತಾನೆ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಣ ‘ಕ್ಷಿಪ್ರ’ ಮರ್ಮದ ಗಾಯದಲ್ಲಿ ಆಕ್ಷೇಪಕದಿಂದ ಮರಣವೆನ್ನುತ್ತಾನೆ. ಇಂದಿನ ವೈದ್ಯರಿಗೆ ಇದನ್ನು ಓದಿದಾಗ ಧನುರ್ವಾತ ನೆನಪಾಗುತ್ತದೆ. ಕೊನೆಯ ಧನುರ್ವಾತದ ಚುಚ್ಚುಮದ್ದು ಪಡೆದು ಐದು ವರ್ಷ ಕಳೆದಿದ್ದರೆ ಇಂಥ ಕೊಳೆತುಂಬಿದ ಗಾಯಕ್ಕೆ ಮತ್ತೆ ಹಾಕಿಸಲೇಬೇಕು.

ಅರಿಶಿಣದ ಗುಣವನ್ನು ನಾವು ಬಲ್ಲೆವು, ನಿತ್ಯ ಬಳಸುತ್ತೇವೆ. ಆದರೂ ಹೇಳುತ್ತೇವೆ: ಗರಗಸದ ಗಾಯಕ್ಕೆ ಅರಿಶಿಣ, ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ಅವು ಧಮನಿಯ ರಕ್ತವನ್ನು ನಿಲ್ಲಿಸವು. ಕತ್ತರಿಸಿದ ನರದ ತುದಿಯನ್ನು ಶಸ್ತ್ರವೈದ್ಯರು ಹುಡುಕುವಾಗ ಅಡ್ಡಬರುತ್ತವೆ. ಆ ರೈತರ ಗಾಯದಿಂದ ಕಾಫಿಪುಡಿಯನ್ನು ತೊಳೆದು ತೆಗೆಯುವುದರಲ್ಲೇ ಬಹಳ ಹೊತ್ತು ಹೋಯಿತೆಂದು ಆಮೇಲೆ ತಿಳಿಯಿತು. ಅವರು ಮೊದಲು ನಮ್ಮಲ್ಲಿಗೆ ಬಂದದ್ದೂ ತಪ್ಪೇ. ನಮ್ಮ ಮೇಲಿನ ವಿಶ್ವಾಸದಿಂದ ಬಂದರು, ಆದರೆ ಆ ಹೊತ್ತಿನಲ್ಲಿ ಶಸ್ತ್ರಕ್ರಿಯೆಯ ಕೊಠಡಿ ಇರುವ ಆಸ್ಪತ್ರೆಗೆ ನೇರ ಹೋಗಬೇಕಿತ್ತು.

ಬೆರಳು ತುಂಡಾಗಿ ಬಿದ್ದರೆ ಹುಡುಕಿ ತನ್ನಿ. ಮೇಲಿನ ಮಣ್ಣನ್ನು ಶುದ್ಧ ನೀರಿನಿಂದ ಮೆಲ್ಲನೆ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆತ ನೀರಿನಲ್ಲಿಡಿ. ಐಸ್ ಬೆರಳಿಗೆ ನೇರವಾಗಿ ತಾಗಬಾರದು. ಹಳ್ಳಿಯಲ್ಲಿ ಐಸ್ ಎಲ್ಲಿ ಎನ್ನುವವರು ಕಬ್ಬಿನಹಾಲಿನ ಅಂಗಡಿಯನ್ನು ನೆನೆಯಲಿ. ಆರು ಗಂಟೆಗಳೊಳಗೆ ಬೆರಳು ಜೋಡಿಸುವ ಸೌಕರ್ಯವಿರುವ ಆಸ್ಪತ್ರೆಯನ್ನು ಮುಟ್ಟುವಂತೆ ಹೊರಡಬೇಕು.

ನಮ್ಮ ಪಾತ್ರ ಬರುವುದು ಹೊಲಿಗೆ ಬಿಚ್ಚಿ, ಶಸ್ತ್ರವೈದ್ಯರು ಬೆರಳು ಆಡಿಸಬಹುದೆಂದ ಮೇಲೆ. ಗಾಯ ಪೂರ್ತಿ ಮುಚ್ಚಿದ್ದರೆ ಬೆಚ್ಚಗಿನ ಎಣ್ಣೆಯಿಂದ ಗಾಯದ ಕಲೆಯನ್ನು ಮೃದುವಾಗಿ ನೀವುವುದು, ಬಿಸಿನೀರಿನಲ್ಲಿ ಕೈ ಅದ್ದಿ ದಿನಕ್ಕೆ ನಾಲ್ಕೈದು ಸಲ ಬೆರಳು ಮಡಚಿ ಬಿಡಿಸುವುದು, ರಾಗಿಹಿಟ್ಟಿನ ಮುದ್ದೆಯನ್ನು ಹಿಸುಕುವುದು ಪ್ರಯೋಜನಕಾರಿ. ನೋವಿಗೆ ಹೆದರಿ ಕೈಯನ್ನು ಸುಮ್ಮನಿರಿಸಿದರೆ ಬೆರಳು ಸೆಟೆಯುತ್ತದೆ. ಆ ರೈತರು ಈಗ ವಾರಕ್ಕೊಮ್ಮೆ ಬರುತ್ತಾರೆ. ಕಳೆದ ವಾರ ಉಂಗುರದ ಬೆರಳು ಅಂಗೈಗೆ ಎರಡು ಬೆರಳಗಲದಷ್ಟು ಹತ್ತಿರ ಬಂದಿದೆ. ಎಮ್ಮೆಯ ಹಾಲನ್ನು ಸದ್ಯ ಅವರ ಮನೆಯವರು ಕರೆಯುತ್ತಿದ್ದಾರೆ.